ದೇವನೂರಿಗೆ ಎಷ್ಟು ಹೆಸರು?

ತರೀಕೆರೆ ಎಂದ ಕೂಡಲೇ ಕನ್ನಡನಾಡಿನ ಮಕ್ಕಳಿಗೆ ನೆನಪಾಗುವುದು ಅಲ್ಲಿಯ ಅಡಿಕೆ ತೋಟವೂ ಅಲ್ಲ, ಪಾಳೆಯಗಾರರೂ ಅಲ್ಲ. ಕೆರೆ ಏರಿಯ ಮೇಲೆ ಮೇಯುವ ಆ ಮೂರು ಕರಿ ಕುರಿಮರಿಗಳು. ನಾಲಿಗೆ ಹೊರಳಲಿ ಎಂದು ಆ ಮಾತನ್ನು ಯಾವ ಪುಣ್ಯಾತ್ಮ ಕಟ್ಟಿದನೋ, ರಕಾರದ ಮೇಲೆ ರಕಾರ ಪೇರಿಸಿ ಇಟ್ಟಿದ್ದಾನೆ. ಬಿರಬಿರನೆ ಮೂರು ಸಲ ಹೇಳುವುದರೊಳಗೆ ಕುರಿ ಕೆರೆಯಾಗಿ, ಕೆರೆ ಮರಿಯಾಗಿ, ಹೇಳುವವನು ನಗೆಪಾಟಲಾಗುತ್ತಾನೆ. ಅದನ್ನೇ ಸ್ವಲ್ಪ ಪಂಡಿತರ ಕನ್ನಡಕ್ಕೆ ತಿರುಗಿಸಿ ನೋಡಿ: ತರೀಕೆರೆಯ ತಟಾಕದ ದಂಡೆಯಲ್ಲಿ ಕೃಷ್ಣವರ್ಣದ ಮೂರು ಮೇಷಶಾವಕಗಳು ತೃಣಭಕ್ಷಣೆಯಲ್ಲಿ ತೊಡಗಿದ್ದವು. ಕುರಿ ಅಷ್ಟೇ, ಬಣ್ಣ ಅದೇ, ಹುಲ್ಲೂ ಅದೇ. ನಾಲಿಗೆ ಮಾತ್ರ ಎಲ್ಲೂ ಎಡವುವುದಿಲ್ಲ. ಎಡವದಿದ್ದ ಮೇಲೆ ಅದನ್ನು ಹೇಳಿ ಯಾರಿಗೇನು ಸುಖ?

ಈ ಯೋಚನೆ ತಲೆಗೆ ಹೊಕ್ಕದ್ದು ಕಡೂರಿನಲ್ಲಿ ನಮ್ಮ ಪಕ್ಕದ ಮನೆಯ ಹುಡುಗನ ದೆಸೆಯಿಂದ. ಒಂಬತ್ತನೇ ಕ್ಲಾಸು. ಶಾಲೆಯ ಗೋಡೆಪತ್ರಿಕೆಗೆ ತಾನು ಓದಿದ ಒಂದು ಪುಸ್ತಕದ ಪರಿಚಯ ಬರೆಯಬೇಕಿತ್ತು. ಆರಿಸಿಕೊಂಡದ್ದು ಮಾಟ, ಮಂತ್ರ, ಹಾರುವ ಕುದುರೆ ಎಲ್ಲ ಇರುವ ಒಂದು ದಪ್ಪ ಕಾದಂಬರಿಯನ್ನು. ಪೂರ್ತಿ ಓದುವಷ್ಟು ಪುರಸೊತ್ತು ಈ ಕಾಲದ ಮಕ್ಕಳಿಗೆ ಎಲ್ಲಿಂದ ಬರಬೇಕು? ಹಿಂಬದಿಯ ರಟ್ಟಿನ ಮೇಲಿದ್ದ ವರ್ಣನೆಯನ್ನೇ ಇಳಿಸಿಬಿಡೋಣವೆಂದರೆ ಮೇಷ್ಟ್ರು ಕಾಪಿ ಹಿಡಿಯುವುದರಲ್ಲಿ ಗಟ್ಟಿಗರು. ಹಾಗಾಗಿ ಒಂದೊಂದೇ ಪದವನ್ನು ಕಿತ್ತು, ಆ ಜಾಗದಲ್ಲಿ ಅದೇ ಅರ್ಥದ ಇನ್ನೊಂದನ್ನು ಕೂರಿಸಿ, ಹಾಳೆ ಹಿಡಿದುಕೊಂಡು ಬಂದ. 'ಮಾವ, ಒಂದು ಪದಾನೂ ಹಳೇದಿಲ್ಲ, ಬೇಕಾದ್ರೆ ನೋಡಿ' ಎಂದ.

ರಟ್ಟಿನ ಮೇಲಿದ್ದದ್ದು ಹೆಚ್ಚುಕಡಿಮೆ ಹೀಗೆ: ಕತ್ತಲ ಕಾಡಿನ ನಡುವೆ ಏಳು ಹೆಡೆಯ ಹಾವು ಕಾಯುತ್ತಿದ್ದ ಕೋಟೆಯೊಳಗೆ ರಾಜಕುಮಾರಿಯೊಬ್ಬಳು ನಿದ್ದೆಹೋಗಿದ್ದಳು. ನಮ್ಮ ಹುಡುಗನ ಕೈಯಲ್ಲಿ ಅದು ಹೀಗಾಗಿತ್ತು: ತಿಮಿರ ವಿಪಿನದ ಮಧ್ಯೆ ಸಪ್ತ ಫಣಿಯ ಉರಗ ನಿರೀಕ್ಷಿಸುತ್ತಿದ್ದ ದುರ್ಗದೊಳಗೆ ನೃಪತನಯೆಯೊಬ್ಬಳು ನಿದ್ರೆ ಹೊರಟಿದ್ದಳು.

ಫಣ ಎಂದರೆ ಹೆಡೆ, ಫಣಿ ಎಂದರೆ ಹಾವು. ಏಳು ಹೆಡೆಯ ಹಾವು ಒಂದು ಗುಡಿಸಿನಿಂದ ಏಳು ಹಾವಿನ ಹಾವಾಗಿತ್ತು. ಕೋಟೆ ಕಾಯುತ್ತಿದ್ದ ಆ ಬಡಪಾಯಿ ಪ್ರಾಣಿ ಈಗ ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಹಾಗೆ ಯಾರನ್ನೋ ನಿರೀಕ್ಷಿಸುತ್ತಿತ್ತು. ಕಾಯುವುದಕ್ಕೆ ಬಿಸಿಯಾಗುವುದು ಎಂಬ ಇನ್ನೊಂದು ಅರ್ಥವೂ ಇದೆ. ಅದು ಅವನ ಕಣ್ಣಿಗೆ ಬೀಳದೆ ಹಾವಿನ ಜೀವ ಉಳಿದದ್ದೇ ಹೆಚ್ಚು. ರಾಜಕುಮಾರಿಯಂತೂ ನಿದ್ರೆ ಎಂಬ ಯಾವುದೋ ಊರಿಗೆ ಹೊರಟು ನಿಂತಿದ್ದಳು.

ಹುಡುಗನನ್ನು ಬೈಯುವ ಮನಸ್ಸು ನನಗೆ ಬರಲಿಲ್ಲ. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ 'ಸ್ವಂತ ವಾಕ್ಯದಲ್ಲಿ ಬರೆಯಿರಿ' ಎಂದು ಒಂದು ಕಡೆ, 'ಸಮಾನಾರ್ಥಕ ಪದ ಬರೆಯಿರಿ' ಎಂದು ಇನ್ನೊಂದು ಕಡೆ ಇರುತ್ತದೆ. ಅವನು ಎರಡೂ ಪ್ರಶ್ನೆಗೆ ಸೇರಿಸಿ ಒಂದೇ ಉತ್ತರ ಬರೆದಿದ್ದ, ಅಷ್ಟೇ. ಅದೂ ಅಲ್ಲದೆ, ವರ್ಣನೆ ಎಂದರೆ ಪ್ರತಿ ಸಲವೂ ಹೊಸ ಮಾತೇ ಇರಬೇಕು ಎಂಬುದು ಈಚಿನ ಗೀಳು. 1949ರಲ್ಲಿ ಕನ್ನಡಕ್ಕೆ ಬಂದ ಚಂದಮಾಮವನ್ನು ಓದಿ ಬೆಳೆದವರನ್ನು ಕೇಳಿ. ಬೇತಾಳನ ಕಥೆ ತಿಂಗಳು ತಿಂಗಳೂ ಬದಲಾಗುತ್ತಿತ್ತು. ವಿಕ್ರಮರಾಜ ಮರ ಹತ್ತಿ, ಹೆಣ ಇಳಿಸಿ, ಹೆಗಲಿಗೆ ಹಾಕಿಕೊಂಡು ಮಸಣದ ಕಡೆ ಹೊರಡುವ ಆ ಶುರುವಿನ ಮಾತು ಮಾತ್ರ ಹಾಗೆಯೇ ಇರುತ್ತಿತ್ತು. ಹೆಣವನ್ನು ಒಂದು ತಿಂಗಳು ಶವ, ಮರುತಿಂಗಳು ಕಳೇಬರ, ಅದರ ಮರುತಿಂಗಳು ಪಾರ್ಥಿವ ಶರೀರ ಎಂದು ಯಾರೂ ತಿದ್ದಲಿಲ್ಲ. ಚಂದಾ ನಿಲ್ಲಿಸುತ್ತೇವೆಂದು ಯಾವ ಓದುಗನೂ ಕಾಗದ ಬರೆದಂತಿಲ್ಲ.

ಆದರೆ ಪದಕ್ಕೆ ಪದ ಬದಲಿಸುವುದೇ ತಪ್ಪು ಎಂದು ನಾನು ಹೇಳಹೊರಟರೆ ಈ ತಾಲ್ಲೂಕಿನವರೇ ನನ್ನ ಮೇಲೆ ಬಿದ್ದಾರು. ಕನ್ನಡದಲ್ಲಿ ಆ ವಿದ್ಯೆಯ ದೊಡ್ಡ ಉಸ್ತಾದ ನಮ್ಮ ಕಡೂರು ತಾಲ್ಲೂಕಿನ ದೇವನೂರಿನವನು. ಲಕ್ಷ್ಮೀಶ. ಅವನ ಜೈಮಿನಿ ಭಾರತವನ್ನು ಕಾವ್ಯ ಎಂದು ಕಪಾಟಿನಲ್ಲಿಟ್ಟವರಿಗೆ ಹೇಳುತ್ತೇನೆ, ಒಳಗಿರುವುದು ಆ ಹುಡುಗನ ಕಾದಂಬರಿಗಿಂತ ದೊಡ್ಡ ಮಾಯಾಲೋಕ. ಅಶ್ವಮೇಧದ ಕುದುರೆಗಾಗಿ ಭೀಮ ಯೌವನಾಶ್ವನ ಭದ್ರಾವತಿಗೆ ಹೋಗುತ್ತಾನೆ. ಘಟೋತ್ಕಚನ ಮಗ ಮೇಘನಾದ ಆ ಕುದುರೆಯನ್ನು ಹೊತ್ತುಕೊಂಡು ಆಕಾಶಕ್ಕೆ ನೆಗೆಯುತ್ತಾನೆ. ಹೆಂಗಸರದೇ ಒಂದು ರಾಜ್ಯ, ಅದಕ್ಕೆ ಪ್ರಮೀಳೆ ಎಂಬ ರಾಣಿ. ಅಪ್ಪ ಅರ್ಜುನನ ತಲೆಯನ್ನೇ ಹಾರಿಸಿದ ಬಭ್ರುವಾಹನ, ಸತ್ತವನನ್ನು ಎಬ್ಬಿಸಲು ಪಾತಾಳದಿಂದ ಬರುವ ಮಣಿ. ಅರ್ಧ ದೇಹವನ್ನು ಗರಗಸಕ್ಕೆ ಒಡ್ಡುವ ಮಯೂರಧ್ವಜ. ಏನುಂಟು, ಏನಿಲ್ಲ! ತರೀಕೆರೆಯಿಂದ ಆಚೆಗೆ ಒಂದು ಗಳಿಗೆಯ ದಾರಿಯಲ್ಲಿರುವ ಬೆಂಕಿಪುರಕ್ಕೆ ಭದ್ರಾವತಿ ಎಂಬ ಹೆಸರು ಬಂದದ್ದು ಭದ್ರಾ ಹೊಳೆಯಿಂದ. ಆದರೂ ಜೈಮಿನಿ ಕೇಳಿದ ಹಳಬರು ಅಲ್ಲಿ ರೈಲಿನಿಂದ ಇಳಿದರೆ ಒಮ್ಮೆ ಕುದುರೆಯನ್ನು ನೆನೆಯದೆ ಇರಲಾರರು.

ಈ ಇಡೀ ಮಾಯಾಲೋಕವೂ ಲಕ್ಷ್ಮೀಶನ ಸ್ವಂತ ಸರಕಲ್ಲ. ಸಂಸ್ಕೃತದ ಜೈಮಿನಿಯ ಅಶ್ವಮೇಧ ಪರ್ವವನ್ನು ಅವನು ಕನ್ನಡದಲ್ಲಿ ಮತ್ತೆ ಹೇಳಿದ. 34 ಸಂಧಿ, 1907 ಪದ್ಯ, ಎಲ್ಲವೂ ವಾರ್ಧಕ ಷಟ್ಪದಿಯಲ್ಲಿ. ಪರ್ಯಾಯ ಪದಗಳ ಗುಟ್ಟು ಇರುವುದು ಈ ಷಟ್ಪದಿಯ ಲೆಕ್ಕದಲ್ಲಿ. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ ತಲಾ 20 ಮಾತ್ರೆ. ಮೂರು ಮತ್ತು ಆರನೆಯದಕ್ಕೆ 32. ಒಟ್ಟು 144. ಅಷ್ಟಕ್ಕೇ ಮುಗಿಯಲಿಲ್ಲ. ಆರೂ ಸಾಲಿನಲ್ಲಿ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಮೊದಲಕ್ಷರ ಲಘುವಾದರೆ ಆರೂ ಕಡೆ ಲಘು, ಗುರುವಾದರೆ ಆರೂ ಕಡೆ ಗುರು. ಕವಿ ಒಂದು ಕೊಳದ ಹೂವಿನಿಂದ ಸಾಲು ಶುರುಮಾಡಬೇಕು ಎನ್ನಿ. ಪ್ರಾಸ ಮಕಾರವಾದರೆ ಕಮಲ. ಳಕಾರವಾದರೆ ನಳಿನ. ರಕಾರವಾದರೆ ಸರೋಜ. ವಕಾರ ಬೇಕು, ಮೊದಲಕ್ಷರವೂ ಗುರುವಾಗಬೇಕು ಎಂದರೆ ಅಚ್ಚಗನ್ನಡದ ತಾವರೆ. ಆನೆಗೂ ಹಾಗೆಯೇ: ಕರಿ, ಗಜ, ಇಭ, ದಂತಿ. ಅಮರಕೋಶವನ್ನು ಹುಡುಗರು ಬಾಯಿಪಾಠ ಮಾಡುತ್ತಿದ್ದ ಕಾಲದಲ್ಲಿ ಈ ಹೆಸರುಗಳೆಲ್ಲ ನಾಲಿಗೆಯ ತುದಿಯಲ್ಲಿರುತ್ತಿದ್ದವು. ಕನ್ನಡದಲ್ಲೂ ನಾಗವರ್ಮನ ಅಭಿಧಾನ ವಸ್ತುಕೋಶ, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಇದ್ದೇ ಇದ್ದವು. ಕೈಪಿಡಿ ಎಂಬ ಹೆಸರೇ ಹೇಳುತ್ತದೆ, ಅದು ಕೆಲಸ ಮಾಡುವವನ ಕೈಗೆ ಸಿಗಬೇಕಾದ ಸಾಮಾನು.

ಕಳ್ಳನೂ ವೇಷ ಬದಲಿಸುತ್ತಾನೆ, ನಾಟಕದವನೂ ಬದಲಿಸುತ್ತಾನೆ. ಲಕ್ಷ್ಮೀಶ ಪದ ಬದಲಿಸಿದ್ದು ಕಿವಿಗೆ ಸಿಕ್ಕಲಿ ಎಂದು. ನಮ್ಮ ಹುಡುಗ ಬದಲಿಸಿದ್ದು ಮೇಷ್ಟ್ರಿಗೆ ಸಿಕ್ಕದಿರಲಿ ಎಂದು.

ಆದರೆ ಉಸ್ತಾದನೂ ಒಂದು ಕಡೆ ಈ ಆಟದಲ್ಲಿ ಅತಿ ಮಾಡಿದ ಎಂದು ನನ್ನ ದೂರು. ಊರ ದೇವರ ಅಂಕಿತ ಹಾಕುವಾಗ ದೇವನೂರನ್ನು ದೇವಪುರ ಮಾಡಿದ. ಆಗಲಿ, ಕವಿಯಲ್ಲವೇ. ಅಷ್ಟಕ್ಕೆ ಸುಮ್ಮನಿರದೆ ಮಾತ್ರೆಗೆ ಬೇಕಾದಾಗ ಸುರಪುರ ಎಂದ, ಇನ್ನೊಮ್ಮೆ ಗೀರ್ವಾಣಪುರ ಎಂದ. ದೇವ, ಸುರ, ಗೀರ್ವಾಣ: ಅಮರಕೋಶದ ಪ್ರಕಾರ ಒಂದೇ. ಅಂಚೆಯವನ ಪ್ರಕಾರ ಒಂದೇ ಅಲ್ಲ. ಕೃಷ್ಣಾ ಸೀಮೆಯಲ್ಲಿ, ಈಗಿನ ಯಾದಗಿರಿ ಜಿಲ್ಲೆಯಲ್ಲಿ, ಸುರಪುರ ಎಂಬ ಊರು ನಿಜಕ್ಕೂ ಇದೆ. ಅದೂ ಅಂತಿಂಥ ಊರಲ್ಲ, ಒಂದು ಕಾಲಕ್ಕೆ ನಾಯಕರ ಸಂಸ್ಥಾನವಾಗಿತ್ತು. ಆ ಕಡೆಯವರು, ಕವಿಯೇ ಸುರಪುರ ಎಂದಿರುವಾಗ ನಿಮ್ಮದೇನು ತಕರಾರು, ಲಕ್ಷ್ಮೀಶ ನಮ್ಮವನು ಎಂದರು. ಈ ಕಡೆಯವರು ದೇವನೂರಿನ ಗುಡಿಯನ್ನು ತೋರಿಸಿದರು. ಪಂಡಿತರಲ್ಲಿ ಹೆಚ್ಚಿನವರು ದೇವನೂರಿನ ಕಡೆಗೇ ವಾಲಿದರು. ನಾನು ಕಡೂರಿನವನಾದ್ದರಿಂದ ನನ್ನ ಅಭಿಪ್ರಾಯ ಕೇಳಬೇಡಿ. ಒಂದೇ ಒಂದು ಪದ್ಯದಲ್ಲಿ, ಮಾತ್ರೆ ಕೆಟ್ಟರೂ ಚಿಂತೆಯಿಲ್ಲ ಎಂದು, ಕಡೂರು ಹತ್ತಿರದ ದೇವನೂರು ಎಂದುಬಿಟ್ಟಿದ್ದರೆ ಎಷ್ಟು ಕಾಗದ ಉಳಿಯುತ್ತಿತ್ತು!

ದೇವರ ಹೆಸರೂ ಅಷ್ಟೇ. ದೇವನೂರಿನ ಗುಡಿಯ ಸ್ವಾಮಿ ಲಕ್ಷ್ಮೀಕಾಂತ, ಕಾವ್ಯದಲ್ಲಿ ಲಕ್ಷ್ಮೀರಮಣ, ಕವಿ ಲಕ್ಷ್ಮೀಶ. ಕಾಂತ, ರಮಣ, ಈಶ ಮೂವರೂ ಲಕ್ಷ್ಮಿಯ ಗಂಡನೇ. ಹಾಗೆಂದು ಗುಡಿಯಲ್ಲಿ ನಿಂತು 'ಲಕ್ಷ್ಮಿ ಗಂಡ, ಕಾಪಾಡಪ್ಪ' ಎಂದು ಕೈಮುಗಿದವರನ್ನು ನಾನು ಕಂಡಿಲ್ಲ. ಅರ್ಥದಲ್ಲಿ ಏನೂ ಕೊರತೆಯಿಲ್ಲ. ಅರ್ಚಕರು ಮಾತ್ರ ತಿರುಗಿ ನೋಡಿಯಾರು.

ಈ ಕಾವ್ಯವನ್ನು ಇಂಗ್ಲಿಷಿಗೆ ತಿರುಗಿಸಲು ಕೂತವರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಎಂಬ ವೆಸ್ಲಿಯನ್ ಪಾದ್ರಿಯೊಬ್ಬರು. 1852ರಲ್ಲಿ ಬೆಂಗಳೂರಿನಲ್ಲಿ ಅನುವಾದ, ಟಿಪ್ಪಣಿಗಳ ಸಮೇತ ಅಚ್ಚು ಹಾಕಿಸಿದರು. ಅದಾಗಿ ಆರು ವರ್ಷಕ್ಕೆ, 1858ರಲ್ಲಿ, ರೀವ್ ಸಾಹೇಬರ ಹಳೆಯ ಕನ್ನಡ–ಇಂಗ್ಲಿಷ್ ನಿಘಂಟನ್ನು ತಿದ್ದಿ ಹೊರತಂದವರೂ ಇವರೇ. ಜೈಮಿನಿ ಓದಿದ ಮೇಲೆ ಮನುಷ್ಯ ನಿಘಂಟಿನ ಕಡೆ ಹೊರಳದೆ ಇನ್ನೆಲ್ಲಿ ಹೋದಾನು?

ಇಷ್ಟು ಗಡುಸಾದ ಕಾವ್ಯ ಅಕ್ಷರ ಬಾರದವರ ಬಾಯಿಗೂ ಹೇಗೆ ಬಂತು ಎಂದರೆ ಅದು ಗಮಕದ ಪುಣ್ಯ. ಶಿವಮೊಗ್ಗದ ಬಳಿಯ ಹೊಸಹಳ್ಳಿಯಂಥ ಊರುಗಳಲ್ಲಿ ಇದು ಮನೆಮಾತು. ಅಲ್ಲಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಇಬ್ಬರು ಕೂರುತ್ತಾರೆ. ಒಬ್ಬರು ವಾಚನ ಮಾಡುತ್ತಾರೆ, ಕವಿಯ ಒಂದಕ್ಷರವನ್ನೂ ಕದಲಿಸದೆ, ರಾಗವಾಗಿ. ಇನ್ನೊಬ್ಬರ ಕೆಲಸ ವ್ಯಾಖ್ಯಾನ. ಅವರು ಕವಿಯ ಮಾತೊಂದನ್ನೂ ಹಾಗೆಯೇ ಬಿಡುವವರಲ್ಲ. ಅಡಿಕೆ ಸೀಮೆಯ ಹಳ್ಳಿಯೊಂದರಲ್ಲಿ ಸುಧನ್ವನ ಪ್ರಸಂಗ ಕೇಳಿದ್ದೆ. ಯುದ್ಧಕ್ಕೆ ತಡವಾಗಿ ಬಂದ ಮಗನನ್ನು ಕುದಿಯುವ ಎಣ್ಣೆಗೆ ಹಾಕಿಸುತ್ತಾನಲ್ಲ ಹಂಸಧ್ವಜ, ಆ ಭಾಗ. ವ್ಯಾಖ್ಯಾನಕಾರರು ಕೊಪ್ಪರಿಗೆಗೆ ಕಟಾಹ, ಎಣ್ಣೆಗೆ ತೈಲ ಎಂದು ಪರ್ಯಾಯ ಹುಡುಕುತ್ತ ಕೂರಲಿಲ್ಲ. ಎದುರಿಗಿದ್ದ ತೋಟದವರನ್ನು ನೋಡಿ, 'ನಿಮ್ಮ ಅಡಿಕೆ ಬೇಯಿಸೋ ಹಂಡೆ ಇದೆಯಲ್ಲ, ಒಲೆ ಮೇಲೆ ಕೂತು ಚೊಗರು ಕೊತಕೊತ ಕುದೀತಿರುತ್ತಲ್ಲ, ಪಕ್ಕದಲ್ಲಿ ನಿಂತ್ರೆ ಮುಖ ಸುಡುತ್ತೋ ಇಲ್ಲೋ' ಎಂದರು. ಸುಡುತ್ತೆ ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿಯೂ ಬಿಟ್ಟರು. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಪರೀಕ್ಷೆಗೆ ತೆಂಗಿನಕಾಯಿ ಹಾಕಿಸಿ, ಅದು ಸಿಡಿದು ಅನುಮಾನಪಟ್ಟ ಪುರೋಹಿತರಿಗೇ ಬಡಿಯುವ ಜಾಗಕ್ಕೆ ಬಂದಾಗ ಇಡೀ ಸಭೆ ನಗುತ್ತಿತ್ತು. ಕವಿಯ ಒಂದು ಪದವೂ ಉಳಿದಿರಲಿಲ್ಲ. ಕಥೆ ಮಾತ್ರ ಅವನದೇ. ಆ ರಾತ್ರಿ ನಮ್ಮ ಹುಡುಗನ ಮೇಷ್ಟ್ರು ಅಲ್ಲಿದ್ದಿದ್ದರೆ ವ್ಯಾಖ್ಯಾನಕಾರರಿಗೆ ಪೂರ್ತಿ ಅಂಕ ಕೊಡುತ್ತಿದ್ದರು.

ಸಮಾನಾರ್ಥಕದ ಮಾತು ಹೀಗಾದರೆ, ವಿರುದ್ಧಾರ್ಥಕಕ್ಕೂ ಜೈಮಿನಿಯಲ್ಲಿ ಒಬ್ಬಳು ಗಟ್ಟಿಗಿತ್ತಿ ಇದ್ದಾಳೆ. ಉದ್ದಾಲಕ ಮುನಿಯ ಹೆಂಡತಿ ಚಂಡಿ. ಗಂಡ ಹೌದೆಂದರೆ ಅವಳು ಅಲ್ಲ. ಕೊನೆಗೆ ಮುನಿ ಬೇಕಾದ್ದನ್ನೆಲ್ಲ ಬೇಡವೆಂದು ಹೇಳಿಯೇ ತಂದೆಯ ಶ್ರಾದ್ಧ ಮುಗಿಸಿಕೊಂಡ. ಪಿಂಡ ವಿಸರ್ಜನೆಯ ಹೊತ್ತಿಗೆ ಮಾತ್ರ ಮೈಮರೆತು ನೇರವಾಗಿ ಹೇಳಿ ಕೆಟ್ಟ. ಮುನಿಯ ಶಾಪಕ್ಕೆ ಅವಳು ಕಲ್ಲಾದಳು, ಅರ್ಜುನನ ಕುದುರೆ ಬಂದು ಆ ಕಲ್ಲಿಗೆ ಅಂಟಿಕೊಂಡಿತು. ಚಂಡಿಯ ಕಡೆಯ ವಾದ ಏನಿತ್ತೆಂದು ಯಾರೂ ಬರೆದಿಲ್ಲ.

ಕಲ್ಲು ಎಂದಾಗ ತರೀಕೆರೆಯ ಹತ್ತಿರದ ಅಮೃತಾಪುರವನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಇಮ್ಮಡಿ ಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ. ಹೊರಮಂಟಪದ ಗೋಡೆಯ ದಕ್ಷಿಣಕ್ಕೆ ರಾಮಾಯಣದ 70 ಪಟ್ಟಿಕೆ, ಉತ್ತರಕ್ಕೆ ಕೃಷ್ಣನ ಕಥೆಗೆ 25, ಭಾರತಕ್ಕೆ 45. ವಾಲ್ಮೀಕಿಯ ಅಷ್ಟೊಂದು ವರ್ಣನೆಯನ್ನು ಆ ರೂವಾರಿ ಈ ಕಲ್ಲುಗಳಿಗೆ ಇಳಿಸಿದ್ದಾನೆ, ಅವನ ಹತ್ತಿರ ಇದ್ದದ್ದು ಒಂದು ಮರ, ಎರಡು ಕೋತಿ, ಒಂದು ಬಿಲ್ಲು. ಅಲ್ಲಿಯ ಶಾಸನ ಬರೆದವನು ಕವಿಚಕ್ರವರ್ತಿ ಜನ್ನ. ಯಶೋಧರ ಚರಿತೆ ಬರೆಯುವುದಕ್ಕೂ ಹನ್ನೆರಡು ವರ್ಷ ಮುಂಚೆ, 1197ರಲ್ಲಿ. ಉಳಿ ಬಿದ್ದ ಮೇಲೆ, ಅಯ್ಯೋ ಇಲ್ಲಿ ಇನ್ನೊಂದು ಒಳ್ಳೆಯ ಪದ ಹಾಕಬಹುದಿತ್ತು ಎಂದು ಅವನಿಗೆ ಅನ್ನಿಸಿದ್ದರೂ ಉಪಾಯವಿರಲಿಲ್ಲ. ನಾವು ಒತ್ತಿ ಅಳಿಸುವವರು, ನಮಗೆ ಆ ಭಯ ಎಲ್ಲಿ?

ಬೀರೂರಿನಲ್ಲಿ ರೈಲುದಾರಿ ಕವಲೊಡೆದು ಒಂದು ತರೀಕೆರೆಯ ಕಡೆಗೂ ಇನ್ನೊಂದು ಅಜ್ಜಂಪುರದ ಕಡೆಗೂ ಹೋಗುತ್ತದೆ. ತರೀಕೆರೆಗೆ ಹೋಗಿಬಂದದ್ದಾಯಿತು, ಅಜ್ಜಂಪುರದ್ದೂ ಒಂದು ಮಾತು ಹೇಳಿಬಿಡುತ್ತೇನೆ. ಅಲ್ಲಿ ಅಮೃತ ಮಹಲ್ ತಳಿಯ ದನಗಳ ಸರ್ಕಾರಿ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಚಾವಡಿ. ಟಿಪ್ಪು ಅದನ್ನು ಅಮೃತ ಮಹಲ್ ಮಾಡಿದ. ಬೆಣ್ಣೆ ಹೋಗಿ ಅಮೃತ, ಚಾವಡಿ ಹೋಗಿ ಮಹಲು: ಪದಕ್ಕೆ ಪದ ಬದಲಿ. ತಮಾಷೆ ಎಂದರೆ ಈ ಹಸುಗಳು ಕೊಡುವ ಹಾಲು ಅಷ್ಟಕ್ಕಷ್ಟೇ. ಹೆಸರು ಗಳಿಸಿದ್ದು ಎತ್ತುಗಳು. ಹೈದರ್, ಟಿಪ್ಪು ಇಬ್ಬರ ಫಿರಂಗಿಗಳನ್ನೂ ಎಳೆದುಕೊಂಡು ಓಡಿದವು ಅವು. ಬೆಣ್ಣೆ ಎಂದರೂ ಸುಳ್ಳು, ಅಮೃತ ಎಂದರೂ ಸುಳ್ಳು, ಎತ್ತು ಮಾತ್ರ ನಿಜ. ಅವು ಮೇಯುವ ಹುಲ್ಲುಗಾವಲಿಗೆ ಈ ಸೀಮೆಯಲ್ಲಿ ಕಾವಲು ಎನ್ನುತ್ತಾರೆ. ಕೋಟೆ ಕಾಯುವ ಹಾವನ್ನು ಬಸ್ಸಿಗೆ ಕಾಯಿಸಿದ ನಮ್ಮ ಹುಡುಗನ ಕೈಗೆ ಈ ಪದ ಸಿಕ್ಕಿದ್ದರೆ ಪಹರೆ ಎಂದು ತಿದ್ದಿಬಿಡುತ್ತಿದ್ದ. ದನಗಳಿಗೆ ಅಂದು ಉಪವಾಸವೇ.

ಹೀಗೆ ಒಂದೇ ವಸ್ತುವಿಗೆ ಎರಡು ಹೆಸರಿದ್ದರೆ ಎರಡರ ಹಣೆಬರಹವೂ ಒಂದೇ ಆಗಿರುವುದಿಲ್ಲ. ಶೇಕ್ಸ್‌ಪಿಯರನ ಒಂದೇ ಮಾಯಾದ್ವೀಪದ ನಾಟಕವನ್ನು ಕುವೆಂಪು ಕನ್ನಡಕ್ಕೆ ತಂದಾಗ ಬಿರುಗಾಳಿ ಎಂದರು, ಎ. ಎನ್. ಮೂರ್ತಿರಾಯರು ಚಂಡಮಾರುತ ಎಂದರು. ಈಗ ಚಂಡಮಾರುತ ಬಂಗಾಳ ಕೊಲ್ಲಿಯಲ್ಲಿ ಎದ್ದು ವಾರ್ತೆಯಲ್ಲಿ ಬರುತ್ತದೆ. ಬಿರುಗಾಳಿ ನಮ್ಮ ತೋಟಕ್ಕೇ ಬಂದು ಬಾಳೆ ಮುರಿಯುತ್ತದೆ. ಪರಿಹಾರದ ಅರ್ಜಿಯಲ್ಲಿ ಒಂದರ ಬದಲು ಇನ್ನೊಂದನ್ನು ಬರೆದು ನೋಡಿ, ಗೊತ್ತಾಗುತ್ತದೆ.

ಇದೆಲ್ಲ ಲಕ್ಷ್ಮೀಶನಿಗೆ ತಿಳಿಯದ್ದೇನಲ್ಲ. ಅವನು ಹೇಳಿದ ಚಂದ್ರಹಾಸನ ಕಥೆ ನಿಂತಿರುವುದೇ ಒಂದು ಪದದ ಮೇಲೆ. ಕುಂತಳದ ಮಂತ್ರಿ ದುಷ್ಟಬುದ್ಧಿ, ಮುಂದೆ ರಾಜ್ಯಕ್ಕೆ ಒಡೆಯನಾಗುತ್ತಾನೆಂದು ಜೋಯಿಸರು ಹೇಳಿದ್ದ ಹುಡುಗನನ್ನು ಮುಗಿಸಲು, ಅವನ ಕೈಯಲ್ಲೇ ಮಗ ಮದನನಿಗೆ ಕಾಗದ ಕೊಟ್ಟು ಕಳಿಸುತ್ತಾನೆ. ಬಂದವನಿಗೆ ವಿಷ ಕೊಡು ಎಂಬುದು ಒಕ್ಕಣೆ. ಚಂದ್ರಹಾಸ ಊರ ಹೊರಗಿನ ತೋಪಿನಲ್ಲಿ ಮಲಗಿ ನಿದ್ದೆ ಹೋಗುತ್ತಾನೆ. ಹೂವಿಗೆ ಬಂದ ಮಂತ್ರಿಯ ಮಗಳು ವಿಷಯೆ ಕಾಗದ ಬಿಚ್ಚಿ ಓದುತ್ತಾಳೆ. ಇಷ್ಟು ಚೆಲುವನಿಗೆ ಅಪ್ಪ ವಿಷ ಕೊಡಿಸುವುದುಂಟೇ, ಅವಸರದಲ್ಲಿ ನನ್ನ ಹೆಸರಿನ ಒಂದಕ್ಷರ ಬಿಟ್ಟಿದ್ದಾನೆ ಎಂದುಕೊಂಡು, ಉಗುರಿನ ತುದಿಯಲ್ಲಿ ಕಣ್ಣಿನ ಕಾಡಿಗೆ ತೆಗೆದು ತಿದ್ದುತ್ತಾಳೆ. ಊರಿಗೆ ಹಿಂತಿರುಗಿದ ಮಂತ್ರಿ ನೋಡಿದ್ದು ಹೆಣವನ್ನಲ್ಲ, ಅಳಿಯನನ್ನು. ಸೊರಬ ತಾಲ್ಲೂಕಿನ ಕುಬಟೂರಿನವರು ಆ ಕುಂತಳನಗರ ನಮ್ಮದೇ ಊರು ಎನ್ನುತ್ತಾರೆ. ಈ ಒಂದು ಪಟ್ಟಕ್ಕಾದರೂ ನಮ್ಮ ತಾಲ್ಲೂಕಿನಿಂದ ತಕರಾರಿಲ್ಲ.

ಮಂತ್ರಿಯಾದವನಿಗೆ ನಾಲ್ಕು ಪದ ಬಾರದೆ ಇರುತ್ತದೆಯೇ? ಗರಳ ಇತ್ತು, ಹಾಲಾಹಲ ಇತ್ತು, ಕಾಲಕೂಟ ಇತ್ತು. ಅವುಗಳಲ್ಲಿ ಯಾವುದನ್ನು ಬರೆದಿದ್ದರೂ ಕಾಡಿಗೆ ಹಿಡಿದ ಬೆರಳು ಅಲ್ಲೇ ನಿಲ್ಲುತ್ತಿತ್ತು, ಚಂದ್ರಹಾಸ ಆ ಸಂಜೆಗೇ ಹೋಗಿಬಿಡುತ್ತಿದ್ದ. ಗರಳೆ ಎಂದು ಮಗಳಿಗೆ ಯಾವ ಅಪ್ಪ ಹೆಸರಿಟ್ಟಾನು?